ಕೊಕ್ಕರೆ ಬಾಟಲಿ

ಮುಲುಂಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ
ಚಪ್ಪಲಿ ಹೊಲಿಯುವವನ ಕೊಡೆ, ಅದರಾಚೆ ಕಬ್ಬಿಣದ ಜಾಲರಿ,
ಜಾಲರಿಯಲ್ಲೊಂದು ಕಿಂಡಿ.
ಗಂಡಸರ ಮೊಣಕೈಗಳ ನಡುವೆ
ಮೊದಲು ನನ್ನ ತರಕಾರಿ ಚೀಲ ನುಗ್ಗುತ್ತದೆ, ಆಮೇಲೆ ನಾನು.
ಏನು ಬೇಕೆಂದು ಹೋತ್‌ಚಂದಾನಿ ಕೇಳುವುದಿಲ್ಲ.
ಹನ್ನೊಂದು ವರ್ಷವಾಯಿತು. ಅವನ ಕೈ ತಾನಾಗಿ
ಎರಡನೇ ಹಲಗೆಗೆ ಹೋಗುತ್ತದೆ:
ಕೊಕ್ಕರೆ ಚಿತ್ರದ ಕೆಂಪು ವೈನು, ತಿರುಪು ಮುಚ್ಚಳದ್ದು,
ನಾಸಿಕದ ಕಡೆಯದು.
ಗುಜರಾತಿ ಪೇಪರಿನ ಷೇರುಪೇಟೆ ಪುಟದಲ್ಲಿ ಸುತ್ತಿ ಕೊಡುತ್ತಾನೆ.
ಮೆಂತ್ಯದ ಕಟ್ಟಿನ ಕೆಳಗೆ ಮಲಗಿಸುತ್ತೇನೆ.

ಮೊದಲ ಸಲ ಪರ್ಮಿಟ್ ಕೇಳಿದ್ದ.
ಆರೋಗ್ಯ ಕಾಪಾಡಿಕೊಳ್ಳಲು ಕುಡಿಯುತ್ತೇನೆ ಎಂದು
ಸರಕಾರಕ್ಕೆ ನಾನು ಸಹಿ ಹಾಕಿಕೊಡಬೇಕಂತೆ.
ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಊರವರ ಜಗಳಕ್ಕೆಲ್ಲ ತಂತಿ ಜೋಡಿಸಿ ಕೊಟ್ಟವಳು,
ಕಿವಿಯ ಆರೋಗ್ಯಕ್ಕೆ ಎಂದು ಬರೆದುಕೋ ಎಂದೆ.
ನಕ್ಕುಬಿಟ್ಟ.

ದುಬಾರಿಯದನ್ನು ಕುಡಿದೇ ಇಲ್ಲ ಅಂತಲ್ಲ.
ಅಳಿಯ ತೇಜಸ್ ಒಮ್ಮೆ ಮರದ ಪೆಟ್ಟಿಗೆಯಲ್ಲಿ ತಂದ, ಬಿರಡೆಯದು.
ಎಳೆಯಲು ನಮ್ಮ ಮನೆಯಲ್ಲಿ ಏನಿದೆ?
ಸ್ಕ್ರೂಡ್ರೈವರಾಯಿತು, ಇಕ್ಕಳವಾಯಿತು, ಲಟ್ಟಣಿಗೆಯ ತುದಿಯೂ ಆಯಿತು.
ಬಿರಡೆ ಒಳಗೇ ಬಿತ್ತು. ಚಹಾ ಸೋಸುವುದರಲ್ಲಿ ಸೋಸಿದೆವು.
ಮೂಗಿಟ್ಟು ನೋಡಿ ಅತ್ತೆ, ಎಂದ,
ಚರ್ಮ, ತಂಬಾಕು, ಒದ್ದೆ ಮಣ್ಣು.
ನನಗೆ ಸಂಜೆ ಆರರ ಲೋಕಲ್ಲಿನ ವಾಸನೆ ಬಂತು.
ಹೇಳಲಿಲ್ಲ. ಅಳಿಯ ಅಳಿಯನೇ.
ಚೆನ್ನಾಗೇ ಇತ್ತು, ಸುಳ್ಳು ಯಾಕೆ? ಆದರೆ ಅದರ ಎದುರು
ಬೆನ್ನು ನೆಟ್ಟಗೆ ಮಾಡಿ ಕೂರಬೇಕು,
ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ.

ಕೊಕ್ಕರೆಯದು ಹಾಗಲ್ಲ. ನೈಟಿಯಲ್ಲೇ ಕೂರಬಹುದು.
ಸ್ಟೀಲಿನ ಲೋಟ ಅದಕ್ಕೆ ಅವಮಾನವಲ್ಲ.
ಮೇ ತಿಂಗಳಲ್ಲಿ ಮೊಸರಿನ ಪಕ್ಕ ಅರ್ಧ ಗಂಟೆ ಫ್ರಿಜ್ಜು,
ಉಳಿದಂತೆ ಹಾಗೆಯೇ.
ಎಣ್ಣಗಾಯಿಗೆ ಹೊಂದುತ್ತದೆ, ಶೇಂಗಾ ಹಿಂಡಿಗೂ.
ಶ್ರೀಖಂಡಕ್ಕೆ ಇಲ್ಲ, ಪರೀಕ್ಷೆ ಮಾಡಿದ್ದೇನೆ.
ಮೊದಲ ಗುಟುಕಿಗೆ ನೇರಳೆ ಹಣ್ಣು ತಿಂದ ನಾಲಿಗೆ,
ಎರಡನೆಯದಕ್ಕೆ ತುಸು ಒಗರು,
ಮೂರನೆಯದರ ಹೊತ್ತಿಗೆ ರುಚಿಯ ವಿಚಾರ ಬಿಟ್ಟು
ಲಿಫ್ಟಿನ ರಿಪೇರಿ ಹಣ ಯಾರು ನುಂಗಿದರು ಎಂಬಲ್ಲಿಗೆ ಬಂದಿರುತ್ತೇವೆ.

ನಾವು ಅಂದರೆ ನಾನು, ಮೂರನೇ ಮಹಡಿಯ ಸುಲಭಾ ಕರ್ಣಿಕ್.
ಗುರುವಾರ ಅವಳಿಗೆ ಉಪವಾಸ,
ಹಾಗಾಗಿ ಬುಧವಾರ ಒಂದೊಂದು ಲೋಟ, ಶನಿವಾರ ಒಂದೊಂದು.
ಹಾಲಿನವನನ್ನೂ ನಂಬದ ಹೆಂಗಸು,
ಲೇಬಲ್ಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಹೋಗುತ್ತಾಳೆ.
ಕೊಕ್ಕಿನ ಮಟ್ಟಕ್ಕೆ ಇಳಿದರೆ ಬುಧವಾರ ಮುಗಿಯಿತು.

ಆಗಸ್ಟಿನಲ್ಲಿ ಹಲಗೆ ಖಾಲಿ.
ಮಾಲು ಬರುತ್ತಿಲ್ಲ ಬಾಯಿ, ಎಂದ ಹೋತ್‌ಚಂದಾನಿ,
ತಪ್ಪು ತನ್ನದೇ ಎಂಬ ಹಾಗೆ ಕಿವಿ ಕೆರೆಯುತ್ತ.
ಬೇರೆ ಕೊಟ್ಟ. ಒಂದು ಕೆಮ್ಮಿನ ಔಷಧ.
ಒಂದು ಹುಣಸೆ ಪಾತ್ರೆ ತೊಳೆದ ನೀರು.
ಇನ್ನೊಂದು ಕುಡಿಯುವಾಗ ನಗಿಸಿ, ಬೆಳಿಗ್ಗೆ
ಹಣೆಯೊಳಗೆ ಮಸಾಲೆ ಕುಟ್ಟಿತು.
ಐದು ಬುಧವಾರ ನಾವು ಬರೀ ಚಹಾ ಕುಡಿದೆವು,
ಜಗಳವೂ ಆಡಿದೆವು, ಒಂದು ಕುಂಡದ ವಿಷಯಕ್ಕೆ.

ಸೆಪ್ಟೆಂಬರ್ ಕೊನೆಗೆ ಬಂತು.
ಕೊಕ್ಕರೆ ಇರಲಿಲ್ಲ. ಕಪ್ಪು ಲೇಬಲ್ಲು, ಚಿನ್ನದ ಅಕ್ಷರ,
ನಲವತ್ತು ರೂಪಾಯಿ ಹೆಚ್ಚು.
ಒಳಗಿನದು ಅದೇನಾ? ಸುಲಭಾ ಕಣ್ಣು ಮುಚ್ಚಿ ಕುಡಿದಳು,
ತೆರೆದು ಇನ್ನೊಮ್ಮೆ ಕುಡಿದಳು.
ಅದೇ, ಎಂದಳು. ಅಲ್ಲವೋ ಏನೋ, ಎಂದಳು. ಸುರಿ, ಎಂದಳು.

ಕಪ್ಪಿನ ಮೇಲೆ ಪೆನ್ಸಿಲ್ ಕಾಣುವುದಿಲ್ಲ.
ಮೊಮ್ಮಗಳ ಪೆಟ್ಟಿಗೆಯಿಂದ ಬಿಳಿ ಬಣ್ಣ ತಂದು
ತಾನೇ ಒಂದು ಹಕ್ಕಿ ಬರೆದಳು.
ಕಾಲು ಗಿಡ್ಡ, ಹೊಟ್ಟೆ ದಪ್ಪ, ಸ್ಪಷ್ಟವಾಗಿ ಬಾತುಕೋಳಿ.
ನಾನೇನೂ ಹೇಳಲಿಲ್ಲ.
ಬಾತುಕೋಳಿಯ ಕತ್ತಿಗೆ ಬುಧವಾರ ನಿಲ್ಲಿಸಿದೆವು.
ಕೆಳಗಿಳಿದು ಹೋಗುವಾಗ ಮೆಟ್ಟಿಲಿಂದಲೇ ಕೂಗಿದಳು:
ಮುಂದಿನ ಸಲ ಎರಡು ತಾ,
ಇವರನ್ನು ನಂಬೋ ಹಾಗಿಲ್ಲ.