ಎದೆಗೂಡು

ಗಾಜಿನ ಮೇಲಿಟ್ಟು ನೋಡುವಂತಿಲ್ಲ ಇವನನ್ನು.
ಗಾಜೂ ಕೊನೆಗೆ ಮರಳೇ ತಾನೆ?
ಮರಳಿನ ವ್ಯಾಜ್ಯಕ್ಕೆ ಮರಳನ್ನೇ ಸಾಕ್ಷಿಗೆ ಕರೆದರೆ
ಅವಕೆಂಪು ಬೆಳಕು ಅಲ್ಲೇ ಮುಗ್ಗರಿಸುತ್ತದೆ.
ಅದಕ್ಕೇ ಈ ಹಳದಿ ಬಿಲ್ಲೆ,
ಥೇಟ್ ನಿಂಬೆ ಪೆಪ್ಪರಮಿಂಟು, ನೆಕ್ಕಿದರೆ ವಿಷ.
ಅದರ ಮೇಲೆ ಅಲೋಯ್ಸ್ ಕೊಟ್ಸುರ್,
ಐದು ಮೈಕ್ರಾನು ದಪ್ಪ.

ಮೂವತ್ತೊಂದು ವರ್ಷ ಝಬ್ಝೆಯ ಗಣಿಯಲ್ಲಿ
ಕಲ್ಲಿದ್ದಲು ಕಡಿದವನಲ್ಲ,
ಕಲ್ಲಿದ್ದಲಿಗೆ ದಾರಿ ಕೊರೆದವನು, ಮರಳುಗಲ್ಲಿನಲ್ಲಿ.
ಮೇಲೆ ಬಂದರೆ ಮಾಳಿಗೆ; ಮಾಳಿಗೆಯ ತುಂಬ ಗುಟುರು.
ಸತ್ತ ಮೇಲೆ ಮಂಡಳಿಯ ಪತ್ರ ಬಂತು:
ಶ್ವಾಸಕೋಶ ಕೆಟ್ಟದ್ದು ಪಾರಿವಾಳದಿಂದ.
ನಲವತ್ತು ಹಕ್ಕಿ, ಹಿಕ್ಕೆಯ ಪುಡಿ, ಗರಿಯ ಹೊಟ್ಟು.
ಗಣಿಗೆ ಸಂಬಂಧವಿಲ್ಲ.
ಕೆಳಗೆ ದುಂಡನೆಯ ಮೊಹರು.

ಹಿಲ್ಡಾ ಅದನ್ನು ನಂಬಿದಳು, ಒಂದು ವಾರ.
ಆ ವಾರದಲ್ಲೇ ಆಲೂಗಡ್ಡೆ ಪೆಟ್ಟಿಗೆಗಳಲ್ಲಿ ತುಂಬಿ
ರಿಬ್ನಿಕ್‌ನ ಯಾರಿಗೋ ಕೊಟ್ಟುಬಿಟ್ಟಳು ಎಲ್ಲವನ್ನೂ.
ಸಂಜೆಯೊಳಗೆ ಮೂರು ವಾಪಸು ಬಂದವಂತೆ.
ಪೊರಕೆ ಎತ್ತಿದೆ, ಎಂದಳು, ಮುಂದೆ ಹೇಳಲಿಲ್ಲ.

ಪತ್ತೆಯ ಕಣ್ಣಿಗೆ ದ್ರವ ಸಾರಜನಕ ಸುರಿಯುತ್ತೇನೆ.
ಹೊಗೆಯಾಡುತ್ತದೆ, ತಣ್ಣಗಾಗುತ್ತದೆ, ಕಾಯುತ್ತೇನೆ.
ಪರದೆಯಲ್ಲಿ ಗೆರೆ ಏಳುತ್ತದೆ:
ಪ್ರೋಟೀನಿನ ಎರಡು ದಿಬ್ಬ, ಎಲ್ಲರಲ್ಲೂ ಇರುವಂಥವು.
ಗಾಯದ ಮೇಲೆ ಗಾಯ ಹೊಲಿದ ಕೊಲಾಜನ್.
ಆಮೇಲೆ, ಇಳಿಜಾರಿನ ತುದಿಯಲ್ಲಿ
ಏಳುನೂರ ತೊಂಬತ್ತೊಂಬತ್ತಕ್ಕೊಂದು,
ಏಳುನೂರ ಎಪ್ಪತ್ತೊಂಬತ್ತಕ್ಕೊಂದು
ಅವಳಿ ಮೊನೆ.
ಕ್ವಾರ್ಟ್ಸ್.
ಪಾರಿವಾಳವೂ ಕಲ್ಲು ನುಂಗುತ್ತದೆ, ನಿಜ.
ಯಜಮಾನನ ಎದೆಯಲ್ಲಿಡುವುದಿಲ್ಲ.

ಇನ್ನೊಂದು ಜೋಡಿಯೂ ಇತ್ತು ಅದೇ ಗೆರೆಯಲ್ಲಿ,
ದೂರ, ಎರಡು ಸಾವಿರದ ಮುನ್ನೂರೈವತ್ತರ ಹತ್ತಿರ.
ಅದು ಅಲೋಯ್ಸ್‌ನದಲ್ಲ.
ಬಿಲ್ಲೆ ಇಡುವಾಗ ಮುಚ್ಚಳ ತೆಗೆದಿದ್ದೆ,
ಬಗ್ಗಿದ್ದೆ, ಉಸಿರು ಬಿಟ್ಟಿದ್ದೆ.
ಉಸಿರು ನಿಂತು ಎರಡು ವರ್ಷವಾದ ಎದೆಯೊಳಗೆ
ನನ್ನ ಉಸಿರು.
ವರದಿಗೆ ಮುಂಚೆ ಅದನ್ನು ಕಳೆಯಬೇಕು, ನಿಯಮ.
ಒಂದೇ ಗುಂಡಿಯ ಕೆಲಸ.
ಒತ್ತಿದೆ. ಎದ್ದು ಹೋಗಿ ಚಹಾ ಮಾಡಿಕೊಂಡು ಬಂದು
ಒತ್ತಿದೆ.

ಫೋನಿನಲ್ಲಿ ಹಿಲ್ಡಾಗೆ ಹೇಳಿದೆ: ಕಲ್ಲು ಸಿಕ್ಕಿತು.
ಪಿಂಚಣಿಯ ಮಾತೆತ್ತಲಿಲ್ಲ ಅವಳು.
ಬೊಗ್ನಾ, ಹಕ್ಕಿಯದೇನಾದರೂ ಇತ್ತೆ, ಎಂದಳು.
ಈ ಬೆಳಕಿಗೆ ಅದು ಕಾಣುವುದಿಲ್ಲ, ಎಂದೆ.
ಒಂದು ಗರಿಯಷ್ಟು?
ಇಲ್ಲ.
ಪೂರಾ ಇಲ್ಲ ಎನ್ನುತ್ತೀಯಾ, ಕಾಣುವುದಿಲ್ಲ ಎನ್ನುತ್ತೀಯಾ?

ಕಾಣುವುದಿಲ್ಲ, ಎಂದೆ.

ಹಾಗಾದರೆ ಸರಿ, ಎಂದು ಫೋನಿಟ್ಟಳು.