ನಡಾವಳಿ

ಮಂಗಳವಾರ, ಸಂಜೆ ಏಳು ಗಂಟೆ.
ಫೈರ್ ಇಂಜಿನ್ನನ್ನು ಹೊರಗೆ ಚಳಿಯಲ್ಲಿ ನಿಲ್ಲಿಸಿ
ಅದರ ಜಾಗದಲ್ಲಿ ಮಡಚು ಕುರ್ಚಿ ಹಾಕಿದ್ದೇವೆ.
ಹಾಜರಿ: ನಲವತ್ತೊಂದು ಮಂದಿ, ಒಂದು ನಾಯಿ.
ಬರೆದುಕೊಳ್ಳುವವಳು ನಾನು, ಹದಿನೆಂಟು ವರ್ಷದಿಂದ,
ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವಿನ ಈ ಊರಲ್ಲಿ
ಯಾರು ಏನಂದರೋ ಅಷ್ಟನ್ನೇ, ಹೆಚ್ಚಲ್ಲ, ಕಮ್ಮಿಯಲ್ಲ.

ವಿಷಯ ನಾಲ್ಕು: ಟೆನ್‌ಪೆನಿ ಹಳ್ಳಕ್ಕೆ
ಇರುವ ಹಕ್ಕು, ಹರಿಯುವ ಹಕ್ಕು,
ಕೋರ್ಟಿನಲ್ಲಿ ತನ್ನ ಹೆಸರಲ್ಲೇ ನಿಲ್ಲುವ ಹಕ್ಕು.

ಹಳ್ಳವನ್ನು ನೋಡದವರಿಗೆ: ಬಣ್ಣ ತುಕ್ಕಿನದು.
ಮುಚ್ಚಿದ ಗಣಿ ಇನ್ನೂ ಅದರೊಳಕ್ಕೇ ಕೆಮ್ಮುತ್ತದೆ.
ಈಗ ಮೇಲ್ದಂಡೆಯಲ್ಲಿ ಗ್ಯಾಸ್ ಕಂಪನಿಯವರು
ಕೊಳೆತ ಉಪ್ಪುನೀರು ಹೂಳಲು ಬಾವಿ ತೋಡುತ್ತಾರಂತೆ.

ಕಂಪನಿಯ ವಕೀಲರು ಎದ್ದರು. ಶೂ ಹೊಸದು.
"ಹಳ್ಳವೂ ಒಬ್ಬ ವ್ಯಕ್ತಿ ಅನ್ನಿ, ಸರಿ.
ಅದು ಕಂಠಪೂರ್ತಿ ಕುಡಿದು, ದಡ ಹಾರಿ,
ನಿಮ್ಮ ಮನೆಗೆ ನುಗ್ಗಿದ ರಾತ್ರಿ
ಕೇಸು ಹಾಕುವುದು ಯಾರ ಮೇಲೆ?"
ಹಿಂದಿನ ಸಾಲಿನಲ್ಲಿ ನಗು. ನಾಯಿ ಬೊಗಳಿತು.

ಲುಡ್ಮಿಲಾ ಹ್ರೂಷ್ಕಾ, ವಯಸ್ಸು ಎಪ್ಪತ್ತಾರು,
ಕೋಟು ಬಿಚ್ಚದೆ ಕೂತಿದ್ದವಳು, ಕೂತಲ್ಲಿಂದಲೇ ಅಂದಳು:
"ನನ್ನ ತಮ್ಮನನ್ನು ಒಯ್ದದ್ದು ಅದೇ.
ಯಾಂಕೋ. ಒಂಬತ್ತು ತುಂಬಿತ್ತು. ಒಂದು ಬೂಟು ಸಿಕ್ಕಿತು.
ದೇವರ ಇಚ್ಛೆ ಅಂದರು ಪಾದ್ರಿ.
ಮನೆ ಹೋದದ್ದಕ್ಕೆ ವಿಮೆಯವರೂ ಅದನ್ನೇ ಅಂದರು.
ಅರವತ್ತು ವರ್ಷ ಈ ಜಗಳವನ್ನು ಬಾಯಲ್ಲೇ ಇಟ್ಟುಕೊಂಡಿದ್ದೇನೆ.
ಜಗಳಕ್ಕಾದರೂ ಎದುರಿಗೆ ಒಬ್ಬರು ಬೇಕಲ್ಲ?
ಮೊದಲು ಅದನ್ನೊಂದು ಜೀವ ಅಂತ ಮಾಡಿ.
ಆಮೇಲೆ ನಾನುಂಟು, ಅದುಂಟು.
ನಡುವೆ ನಿಮ್ಮ ಉಪ್ಪು ಬೇಡ."

ಒಂದು ನಿಮಿಷ ಯಾರೂ ಏನೂ ಅನ್ನಲಿಲ್ಲ.
ಅದನ್ನೂ ಬರೆದುಕೊಂಡೆ.

ಮತ: ಪರ ಎರಡು, ವಿರುದ್ಧ ಒಂದು.
ನಿಲ್ಲುತ್ತದೋ ಇಲ್ಲವೋ. ಪಕ್ಕದ ಕೌಂಟಿಯ ಇಂಥದ್ದೇ ಠರಾವನ್ನು
ನ್ಯಾಯಾಧೀಶರು ಅರ್ಧ ಪುಟದಲ್ಲಿ ಮುಗಿಸಿದರು.

ಕುರ್ಚಿ ಮಡಚಿದರು. ಇಂಜಿನ್ ಒಳಗೆ ಬಂತು.
ನಮೂನೆ ತುಂಬಲು ನಾನೊಬ್ಬಳೇ ಉಳಿದೆ.
ಅರ್ಜಿದಾರರ ಹೆಸರು: ಟೆನ್‌ಪೆನಿ.
ಖಾಯಂ ವಿಳಾಸ:
ಪೆನ್ನು ಅಲ್ಲೇ ನಿಂತಿತು.

ಕಿಟಕಿಯಾಚೆ, ಸೇತುವೆಯ ಮೇಲೆ,
ದೀಪ ಆರಿಸಿದ ಒಂದು ಕಾರು. ಬಾಗಿಲು ತೆರೆದೇ ಇತ್ತು.
ಕಟಕಟೆಗೆ ಒರಗಿದ್ದಳು ಲುಡ್ಮಿಲಾ, ಕೈ ಆಡಿಸುತ್ತ,
ನೀರಿನ ಕಡೆ ಬಗ್ಗಿ.
ಏನಂದಳೋ.
ಸಭೆ ಎಂಟೂವರೆಗೇ ಮುಗಿದಿತ್ತು.