ಟೊಪ್ಪಿಗಿ ತೋರಣ

ಇಂಜೆಕ್ಷನ್ ಬಾಟ್ಲಿ ನೆತ್ತಿ ಮ್ಯಾಲೆ
ಒಂದು ಪ್ಲಾಸ್ಟಿಕ್ ಟೊಪ್ಪಿಗಿ ಇರತೈತಿ, ನೋಡೀರೇನು?
ಸಿಸ್ಟರ್ ಹೆಬ್ಬಟ್ಟಿಲೆ ಟಕ್ಕಂತ ಹಾರಿಸಿದರ
ಮಂಚದ ಬುಡಕ ಉಳ್ಳಿ ಹೋಗತೈತಿ.
ನನ್ನ ಕಸಬರಿಗಿಗೆ ಸಿಗೋದು ಅದ.

ಕೆಂಪು, ನೀಲಿ, ಕಿತ್ತಳಿ, ಎಳಿ ಹಸರು,
ಅಂಗಿ ಗುಂಡಿಗಿಂತ ಚಂದ.
ಕಸಕ್ಕ ಹಾಕಾಕ ಮನಸ್ಸು ಬರಲಿಲ್ಲ.
ಸೆರಗಿನ ತುದೀಗೆ ಗಂಟು ಹಾಕ್ಕೊಂಡು ತಂದೆ,
ಆರು ವರ್ಷ.

ಮಾಡೋದು ಭಾಳ ಸರಳ.
ಸಬಕಾರ ನೀರಾಗ ಒಂದು ರಾತ್ರಿ ನೆನಿ ಇಡ್ರಿ.
ಡಬ್ಬಣ ಕಾಸಿ ನಟ್ಟನಡುವ ಚುಚ್ಚಿದರ
ಚುರ್ ಅಂತ ಹೊಗಿ ಎದ್ದು ತೂತು ಬೀಳತೈತಿ.
ಕಿಟಕಿ ತಗದಿರ್ರಿ, ವಾಸನಿ ತಲಿಗೆ ಏರತೈತಿ.
ನಮ್ಮ ಗುಳೇದಗುಡ್ಡದಾಗ ದಾರಕ್ಕ ಖರ್ಚಿಲ್ಲ,
ಬಾಜೂ ಮನಿ ಸಂಗನಬಸಪ್ಪನ ಮಗ್ಗದ ಬುಡಕ
ಕಡದ ಎಳಿ ಮುಷ್ಟಿಗಟ್ಟಲೆ ಬಿದ್ದಿರತಾವ;
ನಾಕು ಕೂಡಿಸಿ ತೊಡಿ ಮ್ಯಾಲೆ ಹೊಸದರ ಆತು.
ನಡನಡುವ ಖಣದ ತುಂಡು,
ಟೇಲರ್ ರಾಜೇಸಾಬ ಕುಪ್ಪಸ ಕತ್ತರಿಸಿ ಉಳಿಸಿದ್ದು,
ಆನಿ ಹೆಜ್ಜಿ ಅರ್ಧ, ಕಳಾವರ ಕಾಲು.
ಮೂಲಿ ಮಡಚಿ ಎಲಿ ಮಾಡ್ರಿ.
ಮಾವಿನ ಎಲಿ ಮೂರು ದಿನಕ್ಕ ಮುದುಡತೈತಿ,
ಇದು ಮುದುಡಂಗಿಲ್ಲ.

ಯಾವ ಬಣ್ಣದ್ದು ಯಾವ ಮದ್ದು, ಕೇಳಬ್ಯಾಡ್ರಿ,
ನಾ ಓದಿದಾಕಿ ಅಲ್ಲ.
ಯಾವುದು ಯಾವ ರಾತ್ರಿದು, ಅದನ್ನ ಕೇಳ್ರಿ.
ಈ ಹಳದಿ, ಕಬ್ಬಿನ ಟ್ರ್ಯಾಕ್ಟರ್ ಮಗಚಿ
ಏಳು ಮಂದಿ ಒಮ್ಮಿಗೇ ಬಂದಾಗಿನದು.
ಈ ನೀಲಿ ಎರಡು, ಅವಳಿ ಜವಳಿ ಹುಟ್ಟಿದ್ದು.
ಕರೆಂಟ್ ಹೋಗಿತ್ತು, ಮೊಬೈಲ್ ಬ್ಯಾಟ್ರಿ ಹಿಡಕೊಂಡು ನಿಂತಿದ್ದೆ,
ಕೈ ನಡುಗಿ ಬೆಳಕೂ ನಡುಗತಿತ್ತು.
ಈ ಕೆಂಪು...
ಇರಲಿ ಬಿಡ್ರಿ.
ಇದನ್ನ ತುದೀಗೆ ಪೋಣಿಸೇನಿ, ಗಂಟಿನ ಹತ್ರ, ಕಾಣಲಾರದಂಗ.

ಇಂದುಮತಿ ಸಿಸ್ಟರ್ ನವನಗರದಾಗ ಮನಿ ಕಟ್ಟಿಸಿದರು.
ಶಾಂತಿಗೆ ಬಾ ಅಂದರು. ಬರೇ ಕೈಲೆ ಹೆಂಗ ಹೋಗೋದು?
ಪೇಪರಿನಾಗ ಸುತಗೊಂಡು ಬಸ್ಸಿನಾಗ ತೊಡಿ ಮ್ಯಾಲೆ ಇಟಗೊಂಡೆ.
ತಗ್ಗು ಬಂದಾಗೊಮ್ಮೆ ಖಡಬಡ ಖಡಬಡ.
ಕಂಡಕ್ಟರ್ ಕೇಳಿದ: "ಏನವ್ವಾ, ಶೇಂಗಾ?"

ಅಲ್ಲಿ ನೋಡಿದರ ಗ್ವಾಡಿ ಗಡಿಯಾರ ಐದು ಬಂದಿದ್ದುವು,
ಐದೂ ಬ್ಯಾರೆ ಬ್ಯಾರೆ ಟೈಮು.
ಸಿಸ್ಟರ್ ಅತ್ತಿ ನನ್ನ ತೋರಣ ಎತ್ತಿ ಮೂಸಿ ನೋಡಿ
"ದವಾಖಾನಿ ಸಾಮಾನು ತಲಬಾಗಿಲಕ್ಕ ಬ್ಯಾಡ" ಅಂದಳು.
ಆಕಿದೇನು ತಪ್ಪು?
ನನಗೂ ಹಂಗ ಅನಿಸಿತ್ತು, ಮನಿ ಬಿಡೋ ಮುಂದ.
ಹೋಳಿಗಿ ಮಾತ್ರ ಗಂಟಲದಾಗ ನಿಂತು ಇಳೀತು.

ಕಟ್ಟಿ ಕೊಟ್ಟಿದ್ದ ಡಬ್ಬಿ ತಿರುಗಿ ಕೊಡಬೇಕಲ್ಲ,
ಖಾಲಿ ಕೊಡಬಾರದಂತ ನಾಕು ಎಳ್ಳುಂಡಿ ಇಟಗೊಂಡು
ತಿಂಗಳ ಮ್ಯಾಲೆ ಹೋದೆ.
ತೋರಣ ಹಿತ್ತಲ ಬಾಗಿಲಕ್ಕಿತ್ತು.
ರಾತ್ರಿ ಡ್ಯೂಟಿ ಮುಗಿಸಿ ಸಿಸ್ಟರ್ ಒಳಗ ಬರೋದು ಅದ ಬಾಗಿಲಲೆ,
ಚಪ್ಪಲಿ ಕಳದು, ಸೀರಿ ನೆನಿ ಹಾಕಿ, ಮೈಮ್ಯಾಲೆ ನೀರು ಸುರುವಿಕೊಂಡು.
ಗಾಳಿಗೆ ಟಿಕಿ ಟಿಕಿ ಅನ್ನತಿತ್ತು.

ಆಕಿ ಒಂದೊಂದ ಟೊಪ್ಪಿಗಿ ಮುಟಗೋತ ಹೋದಳು, ಮಾತಿಲ್ಲ.
ಗಂಟಿನ ಹತ್ರ ಬಂದು ಬಟ್ಟು ನಿಂತಿತು.
"ಇದು ಆ ಹುಡುಗಂದು, ಹೌದಲ್ಲ?"
"ಚಾ ಆರತೈತಿ" ಅಂದೆ ನಾನು.

ಒಳಗಿಂದ ಅತ್ತಿ ದನಿ ಬಂತು:
"ಯವ್ವಾ, ಬಿಸಿ ಗಡಗಿ ಇಡಾಕ ಇಂಥಾದ್ದ ಒಂದು ಸಿಂಬಿ ಮಾಡಿ ಕೊಡತೀ ಏನು?"
ಪ್ಲಾಸ್ಟಿಕ್ ಐತೆವ್ವಾ, ಕರಗಿ ಹೋಗತೈತಿ.
ಅರಿವೀಲೆ ಮಾಡಿ ಕೊಡತೀನಿ.
ರಾಜೇಸಾಬನ ಕಡೆ ಹಸರು ಖಣ ಉಳದೈತಿ,
ಈ ಸಲ ಆನಿ ಹೆಜ್ಜಿ ಪೂರಾ ಐತಿ.